ಹೆಬ್ಬೆರಳಿನ ಗುಂಡಿಗಳು

ಮಾರ್ಚ್ ೩, ಸೋಮವಾರ

ಯಾವ ಉಪಾಯ ಯಾವ ದಿನ ಕೈಕೊಟ್ಟಿತು ಎಂದು ಬರೆದಿಟ್ಟುಕೊಂಡರೆ ಅದನ್ನೇ ಮತ್ತೆ ಮಾಡಿ ಹೊತ್ತು ಕಳೆಯುವುದು ತಪ್ಪುತ್ತದೆ. ಅದಕ್ಕೆ ಈ ನೋಟ್‌ಬುಕ್. ಮೌಸಿನ ವಿಷಯ ಬಿಟ್ಟು ಬೇರೇನನ್ನೂ ಇದರಲ್ಲಿ ಬರೆಯುವುದಿಲ್ಲ.

ವಸ್ತು: ವೈರ್ ಇಲ್ಲದ ಮೌಸ್, ಬೂದು ಬಣ್ಣ. ಮೇಲೆ ಎಂದಿನ ಎರಡು ಗುಂಡಿ, ನಡುವೆ ಚಕ್ರ. ಎಡಮಗ್ಗುಲಲ್ಲಿ, ಹೆಬ್ಬೆರಳು ಕೂರುವ ತಗ್ಗಿನಲ್ಲಿ, ಒಂದರ ಹಿಂದೊಂದು ಮೂರು ಗುಂಡಿ. ಈ ಮೂರಕ್ಕಾಗಿಯೇ ತಂದದ್ದು. ಈ ಮೂರೇ ಕೆಲಸ ಮಾಡುತ್ತಿಲ್ಲ. ಒತ್ತಿದರೆ ಟಕ್ ಎನ್ನುತ್ತವೆ. ಕಂಪ್ಯೂಟರಿಗೆ ಅದು ಕೇಳಿಸುವುದಿಲ್ಲ.

ಕಾರಣ: ಅಕ್ಕನ ಬಲಗೈಯ ತೋರುಬೆರಳು ಮತ್ತು ನಡುಬೆರಳು. ಜನವರಿಯಲ್ಲಿ ಗಾಳಿಗೆ ನನ್ನ ಕೋಣೆಯ ಬಾಗಿಲು ಬಡಿದುಕೊಂಡಾಗ ಅವಳ ಕೈ ಚೌಕಟ್ಟಿನ ಮೇಲಿತ್ತು. ಮೂಳೆ ಕೂಡಿಕೊಂಡಿದೆ. ಬೆರಳು ಮಡಚುವುದಿಲ್ಲ. ಎರಡೂ ಪೆನ್ಸಿಲಿನ ಹಾಗೆ ನೆಟ್ಟಗೆ ನಿಂತಿರುತ್ತವೆ.

ಅಕ್ಕ ಭೂಮಾಪನ ಕಚೇರಿಯ ನಕ್ಷೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾಳೆ. ಹಳೆಯ ಕಾಗದದ ನಕ್ಷೆಗಳನ್ನು ಪರದೆಯ ಮೇಲೆ ಹಾಸಿಕೊಂಡು, ಒಬ್ಬೊಬ್ಬರ ಜಮೀನಿನ ಗಡಿಯನ್ನೂ ಮೌಸಿನಿಂದ ಸುತ್ತಿ ಕಂಪ್ಯೂಟರಿಗೆ ಇಳಿಸುವುದು ಅವಳ ಕೆಲಸ. ಗಡಿಯ ಪ್ರತಿ ಕಲ್ಲಿಗೂ ಒಂದು ಕ್ಲಿಕ್. ದಿನಕ್ಕೆ ಸಾವಿರಗಟ್ಟಲೆ ಕ್ಲಿಕ್, ಎಲ್ಲವೂ ಆ ತೋರುಬೆರಳಿನದು. ಎಡಗೈಯಲ್ಲಿ ಪ್ರಯತ್ನಿಸಿ ನೋಡಿದಳು, ಗೆರೆ ನಡುಗುತ್ತದೆ. ಬಲಗೈಯ ಹೆಬ್ಬೆರಳು ಮಾತ್ರ ಚೆನ್ನಾಗಿದೆ. ಕ್ಲಿಕ್ ಮಾಡುವುದನ್ನು ಹೆಬ್ಬೆರಳಿಗೆ ವರ್ಗಾಯಿಸಬೇಕು ಎಂಬುದು ನನ್ನ ಯೋಚನೆ.

ರಜೆ ಹದಿನಾರಕ್ಕೆ ಮುಗಿಯುತ್ತದೆ. ಹದಿನೇಳಕ್ಕೆ ಅವಳಿಗೊಂದು ಪರೀಕ್ಷೆ: ಒಂದು ದಿನದಲ್ಲಿ ನಲವತ್ತು ತುಂಡು ಜಮೀನು, ತಪ್ಪಿಲ್ಲದೆ. ಮಾಡಿದರೆ ಅವಳ ಮೇಜು ಅವಳಿಗೆ. ಆಗದಿದ್ದರೆ ಕೆಳಗಡೆ, ಜನರಿಗೆ ನಕಲು ಕೊಡುವ ಕಿಟಕಿ.

"ಅಲ್ಲೂ ಕೂತ್ಕೊಂಡೇ ಮಾಡೋ ಕೆಲಸ ಅಲ್ವಾ?" ಎಂದೆ.

"ಏನು ಕೆಲಸ? ನಾನೇ ಬರೆದ ನಕ್ಷೇನ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಇಲ್ಲಿ ಸಹಿ ಮಾಡಿ ಅನ್ನೋದು. ಅದಕ್ಕೆ ಈ ಕಣ್ಣು ಬೇಕೇನೋ?"

ಬೆರಳಿನ ಮಾತು ಅವಳು ಎತ್ತಲಿಲ್ಲ.

ಮಾರ್ಚ್ ೫, ಬುಧವಾರ

ಮೌಸ್ ಕೊಟ್ಟ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅದನ್ನು ಮಗುಚಿ, ಅಲ್ಲಾಡಿಸಿ, ಕಿವಿಗಿಟ್ಟುಕೊಂಡ.

"ಸೈಡ್ ಬಟನ್ ಎಲ್ಲ ಗೇಮ್ ಆಡೋರಿಗೆ ಸಾರ್. ನೀವು ಆಡ್ತೀರಾ?"

"ನನಗಲ್ಲ, ನಮ್ಮ ಅಕ್ಕನಿಗೆ."

"ಅಕ್ಕ ಆಡ್ತಾರಾ?" ಅವನ ದನಿಯಲ್ಲಿ ಗೌರವ ಕಾಣಿಸಿತು. "ಎಷ್ಟು ವಯಸ್ಸು?"

"ಐವತ್ತಾರು."

"ಗ್ರೇಟ್ ಸಾರ್."

ತಿದ್ದಲಿಲ್ಲ. ಅವನ ಪ್ರಕಾರ ಬ್ಲೂಟೂತ್ ಸಿಕ್ಕಿದೆ, ಬಾಣ ಓಡಾಡುತ್ತಿದೆ, ಅಂದಮೇಲೆ ಮೌಸ್ ಸರಿಯಿದೆ. ಉಳಿದದ್ದು ಕಂಪ್ಯೂಟರಿನ ದೋಷ. ಕಂಪ್ಯೂಟರಿನವನನ್ನು ಕೇಳಿದರೆ ಮೌಸಿನ ದೋಷ ಅನ್ನುತ್ತಾನೆ. ತಪ್ಪು ಇಬ್ಬರ ನಡುವೆ ಎಲ್ಲೋ ಇರುತ್ತದೆ, ಯಾರ ಮೇಲೂ ಕೂರುವುದಿಲ್ಲ. ಈ ಏರ್ಪಾಡಿನಲ್ಲಿ ಒಂದು ಸುಖವಿದೆ.

ಮಾರ್ಚ್ ೮, ಶನಿವಾರ

ಜೊತೆಗೆ ಬಂದ ಕೈಪಿಡಿಯನ್ನು ನಾಲ್ಕನೇ ಸಲ ಓದಿದೆ. "ಹೆಚ್ಚುವರಿ ಗುಂಡಿಗಳ ಕಾರ್ಯವು ಸಂಪರ್ಕದ ವಿಧಾನವನ್ನು ಅವಲಂಬಿಸಿ ಬದಲಾಗಬಹುದು." ಇಂಥ ವಾಕ್ಯಗಳನ್ನು ಇಪ್ಪತ್ತು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ಫ್ಯಾನು, ಹೀಟರು, ತೂಕದ ಯಂತ್ರ, ಎಲ್ಲದರ ಡಬ್ಬಿಯೊಳಗೂ ಮಡಚಿ ಇಟ್ಟಿರುವ ಕಾಗದ ನನ್ನದು. ಏನಾದರೂ ಕೆಟ್ಟರೆ ಬರೆದವನ ಮೇಲೆ ಬರಬಾರದು ಎಂದು "ಬದಲಾಗಬಹುದು" ಹಾಕುತ್ತೇವೆ. ಓದುವವನು ಹೇಗೆ ಕೂತಿರುತ್ತಾನೆ ಎಂದು ಇವತ್ತು ಗೊತ್ತಾಯಿತು.

ಅಕ್ಕ ಹಿಂದಿನಿಂದ ಬಂದು ನೋಡಿದಳು. "ಗುಂಡಿ ಅಂತ ಯಾರೋ ಅಂತಾರೆ? ಗುಂಡಿ ಇರೋದು ರಸ್ತೇಲಿ. ಬಟನ್ ಅನ್ನೋ ಪಂಡಿತ."

ಮಧ್ಯಾಹ್ನ ಬಡಗಿ ಬಂದಿದ್ದ. ಏಳು ಕಿಟಕಿಗೂ ಕೊಂಡಿ ಹಾಕಿಸಿದಳು, ಮತ್ತೆ ಗಾಳಿಗೆ ಏನೂ ಬಡಿಯಬಾರದು ಎಂದು. ನಾನು ಸ್ಟೂಲ್ ಹಿಡಿದುಕೊಂಡಿದ್ದೆ. ಬಡಗಿ ಅವಳ ಕೈ ನೋಡಿ, "ಗಾಳೀನ ನಂಬೋ ಹಾಗಿಲ್ಲಮ್ಮ" ಎಂದ. ಸ್ಟೂಲ್ ಗಟ್ಟಿಯಾಗಿ ಹಿಡಿದೆ.

ಮಾರ್ಚ್ ೯, ಭಾನುವಾರ

ಸಿಕ್ಕಿತು. ಬ್ಯಾಟರಿ ತೆಗೆದರೆ ಅದರ ಮಗ್ಗುಲಿನ ಗೂಡಿನಲ್ಲಿ ಉಗುರಿನಷ್ಟು ದೊಡ್ಡ ರಿಸೀವರ್. ಒಂದು ವಾರದಿಂದ ಅಲ್ಲೇ ಕೂತಿತ್ತು. ಬ್ಲೂಟೂತ್ ಆದರೆ ಎರಡೇ ಗುಂಡಿ. ಈ ರಿಸೀವರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಐದೂ. ಕೈಪಿಡಿ ಬರೆದವನು ಇದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಇನ್ನೊಂದು ಒಳ್ಳೆಯ ಸುದ್ದಿ. ಯಾವ ಗುಂಡಿ ಏನು ಮಾಡಬೇಕು ಎಂದು ಇಲ್ಲಿ ಹೊಂದಿಸಿದರೆ ಅದು ಮೌಸಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಅಕ್ಕನ ಕಚೇರಿಯ ಕಂಪ್ಯೂಟರಿನಲ್ಲಿ ಹೊರಗಿನ ಪ್ರೋಗ್ರಾಂ ಏನನ್ನೂ ಹಾಕಲು ಬಿಡುವುದಿಲ್ಲ, ಆದ್ದರಿಂದ ಇದು ಮುಖ್ಯ. ಎರಡು ಬಗೆಯ ಹೊಂದಿಕೆಗೆ ಜಾಗವಿದೆ. ತಳದಲ್ಲಿ ಸಣ್ಣ ಸ್ವಿಚ್ಚು: ಒಂದು, ಎರಡು.

ಅಕ್ಕನನ್ನು ಕರೆದೆ. ಮುಂದಿನ ಗುಂಡಿ ಒತ್ತಿದಳು, ಪರದೆಯ ಮೇಲೆ ಚುಕ್ಕೆ ಬಿತ್ತು. ಮತ್ತೆ ಒತ್ತಿದಳು, ಮತ್ತೊಂದು. ನನ್ನ ತಲೆಯ ಮೇಲೆ ಮೊಟಕಿದಳು. ಅವಳ ನೆಟ್ಟಗಿನ ಬೆರಳು ತಾಗಿತು.

ಬಾಗಿಲು ಬಡಿದಾಗ ಅಲ್ಲಿ ನಾನೂ ಇದ್ದೆ. ಇದು ಮೌಸಿನ ವಿಷಯವಲ್ಲ.

ಮಾರ್ಚ್ ೧೨, ಬುಧವಾರ

ಅಕ್ಕ ಕೆಲಸ ಮಾಡುವುದನ್ನು ಇವತ್ತು ಮೊದಲ ಸಲ ನೋಡಿದೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ಅವಳು ಗೆರೆ ಎಳೆಯುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಅಭ್ಯಾಸಕ್ಕೆಂದು ಹಳೆಯ ಹಾಳೆಯೊಂದನ್ನು ತಂದಿದ್ದಾಳೆ. ಒಂದು ಕಲ್ಲಿನಿಂದ ಹೊರಡುತ್ತಾಳೆ. ಕಲ್ಲಿನಿಂದ ಕಲ್ಲಿಗೆ ಚುಕ್ಕೆ ಹಾಕುತ್ತ ಜಮೀನನ್ನು ಸುತ್ತಿ, ಹೊರಟ ಕಲ್ಲಿಗೇ ವಾಪಸ್ ಬಂದು ಅದನ್ನು ಇನ್ನೊಮ್ಮೆ ಮುಟ್ಟುತ್ತಾಳೆ. ಹಿಂದೆ ಸರಪಳಿ ಹಿಡಿದು ಅಳೆಯುತ್ತಿದ್ದವರ ಪದ್ಧತಿಯಂತೆ ಅದು. ಅಷ್ಟಾದಮೇಲೆ "ಕೂಡಿಸು" ಎನ್ನುವ ಕೀಲಿ ಒತ್ತಬೇಕು. ಒತ್ತದಿದ್ದರೆ ಕಣ್ಣಿಗೆ ಗೆರೆ ಸೇರಿದ ಹಾಗೇ ಕಾಣುತ್ತದೆ, ಆದರೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಕಂಪ್ಯೂಟರ್ ಅದನ್ನು ಜಮೀನು ಎಂದೇ ಒಪ್ಪುವುದಿಲ್ಲ, ವಿಸ್ತೀರ್ಣ ಸೊನ್ನೆ ತೋರಿಸುತ್ತದೆ.

"ಅದಕ್ಕೆ ನಮ್ಮಲ್ಲಿ ಬಾಯಿ ಬಿಟ್ಟ ತುಂಡು ಅಂತಾರೆ," ಎಂದಳು. "ಹೊಸಬರು ಬಂದ ಮೊದಲ ವಾರ ಎಲ್ಲ ಅದೇ. ಸಾಯಂಕಾಲ ಎಲ್ಲ ಸೇರಿಸಿ ಪರೀಕ್ಷೆಗೆ ಹಾಕಿದಾಗ್ಲೇ ಗೊತ್ತಾಗೋದು. ಒಬ್ಬ ಅತ್ತೇ ಬಿಟ್ಟಿದ್ದ ಪಾಪ."

"ನೀನು ಯಾವತ್ತಾದ್ರೂ ಬಿಟ್ಟಿದ್ದೀಯಾ?"

"ಏನು, ಅಳೋದಾ?"

"ಬಾಯಿ ಬಿಟ್ಟ ತುಂಡು."

"ಮೊದಲ ವರ್ಷ ಎರಡು. ಇವತ್ತಿಗೂ ಸರ್ವೆ ನಂಬರ್ ಹೇಳ್ತೀನಿ, ಬೇಕಾ?"

ಒಂದನೇ ಹೊಂದಿಕೆಯಲ್ಲಿ: ಮುಂದಿನ ಗುಂಡಿ ಚುಕ್ಕೆಗೆ, ನಡುವಿನದು ಕೂಡಿಸಲು, ಹಿಂದಿನದು ಒಂದು ಹೆಜ್ಜೆ ವಾಪಸ್ ಹೋಗಲು. ಒಂದು ಗಂಟೆಗೆ ಆರು ತುಂಡು ಮಾಡಿದಳು. ಆರೂ ಕೂಡಿದವು.

ಅವಳು ಎದ್ದು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತಳು, ಆ ದಿನ ನಿಂತ ಹಾಗೇ. ಆ ದಿನ ಹಿಡಿಕೆಯ ಮೇಲೆ ನನ್ನ ಕೈ ಇತ್ತು. ಗಾಳಿಯೂ ಇತ್ತೇನೋ.

ಮಾರ್ಚ್ ೧೬, ಭಾನುವಾರ

ಸ್ವಂತ ಮೌಸ್ ತರಲು ಮೇಲ್ವಿಚಾರಕಿ ಒಪ್ಪಿದ್ದಾರೆ. ನಿನ್ನೆ ಅಭ್ಯಾಸದಲ್ಲಿ ಅಕ್ಕ ಹನ್ನೆರಡು ತುಂಡು ಮಾಡಿದಳು. ಇವತ್ತು ಕೈಗೆ ಬಿಡುವು ಕೊಡಬೇಕು ಎಂದು ಬೇಗ ಮಲಗಿದ್ದಾಳೆ.

ನನ್ನ ಮೌಸಿನ ಚಕ್ರ ಸಿಕ್ಕಿಹಾಕಿಕೊಳ್ಳುತ್ತಿದೆ. ಹೀಟರಿನ ಕೈಪಿಡಿ ನಾಳೆ ಕೊಡಬೇಕು. ಅವಳ ಮೌಸ್ ತೆಗೆದುಕೊಂಡೆ. ತಳದ ಸ್ವಿಚ್ಚನ್ನು ಎರಡಕ್ಕೆ ಸರಿಸಿ ನನಗೆ ಬೇಕಾದ ಹಾಗೆ ಹೊಂದಿಸಿದೆ: ನಡುವಿನ ಗುಂಡಿಗೆ ಎಂಟರ್, ಉಳಿದೆರಡು ಅವಳದೇ. ಸೂಚನೆಗಳೆಲ್ಲ ಒಂದೊಂದು ಸಾಲಿನವು. ಒಂದು ಸಾಲು, ಹೆಬ್ಬೆರಳು, ಮುಂದಿನ ಸಾಲು. ಎಷ್ಟು ಹಿತವಾಗಿತ್ತೆಂದರೆ ನಲವತ್ತೆರಡು ಸೂಚನೆಗಳು ಒಂದೇ ಕೂತದ್ದರಲ್ಲಿ ಮುಗಿದವು. ನನಗೂ ಒಂದು ಕೊಳ್ಳಬೇಕು.

ಮಾರ್ಚ್ ೧೭, ಸೋಮವಾರ

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಬೆಳಗ್ಗೆ ಎಂಟಕ್ಕೆ ಮೌಸಿಗೆ ಹೊಸ ಬ್ಯಾಟರಿ ಹಾಕಿದೆ. ಕೈವಸ್ತ್ರದಲ್ಲಿ ಸುತ್ತಿ ಅಕ್ಕನ ಚೀಲದಲ್ಲಿಟ್ಟೆ. "ಎಲ್ಲ ಸರಿ ಇದೆಯಾ?" ಎಂದು ಕೇಳಿದಳು. "ಎಲ್ಲ ಸರಿ ಇದೆ" ಎಂದೆ.

ಹನ್ನೊಂದಕ್ಕೆ ನಮ್ಮ ಕಚೇರಿಯಲ್ಲಿ ಒಂದು ಸಾಲು ಟೈಪು ಮಾಡಿ ಮುಗಿಸಿದಾಗ ಹೆಬ್ಬೆರಳು ತಾನಾಗಿ ಗುಂಡಿ ಹುಡುಕಿತು. ಅಲ್ಲಿನ ಮೌಸಿಗೆ ಅಂಥ ಗುಂಡಿ ಇಲ್ಲ. ಹೆಬ್ಬೆರಳು ಬರಿಯ ಪ್ಲಾಸ್ಟಿಕ್ಕನ್ನು ಒತ್ತಿತು. ಆಗ ನೆನಪಾಯಿತು. ಸ್ವಿಚ್ಚು ಎರಡರಲ್ಲೇ ಇದೆ.

ಎರಡರಲ್ಲಿದ್ದರೆ ಏನಾಗುತ್ತದೆ ಎಂದು ಯೋಚಿಸಲು ಅರ್ಧ ನಿಮಿಷ ಸಾಕಾಯಿತು. ಅವಳ ಪ್ರೋಗ್ರಾಮಿನಲ್ಲಿ ಎಂಟರ್ ಎಂದರೆ ಗೆರೆ ಮುಗಿಯಿತು ಎಂದಷ್ಟೇ, ಕೂಡಿಸುವುದಿಲ್ಲ. ಅವಳು ಹೊರಟ ಕಲ್ಲಿಗೇ ಬಂದು ಮುಟ್ಟುತ್ತಾಳೆ, ನಡುವಿನ ಗುಂಡಿ ಒತ್ತುತ್ತಾಳೆ, ಗೆರೆ ನಿಲ್ಲುತ್ತದೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಫೋನ್ ಕೈಯಲ್ಲಿತ್ತು. ನಕ್ಷೆ ವಿಭಾಗದ ನಂಬರನ್ನು ಪರದೆಯ ಮೇಲೆ ತಂದುಕೊಂಡೆ. ಪರೀಕ್ಷೆಯ ನಡುವೆ ಅವಳ ಏಕಾಗ್ರತೆ ಕೆಡಿಸಬಾರದು. ಅಷ್ಟು ಅನುಭವದ ಕಣ್ಣು, ಅವಳೇ ಗಮನಿಸುತ್ತಾಳೆ. ಮೇಲ್ವಿಚಾರಕಿ ಎತ್ತಿದರೆ ಏನೆಂದು ಹೇಳುವುದು. ಮೂರು ಕಾರಣ ಬರೆದೆ. ಹನ್ನೊಂದು ಗಂಟೆಗೆ ಮೂರೂ ಇರಲಿಲ್ಲ, ಈಗ ಬಂದವು. ಆಗ ಇದ್ದದ್ದು ಇಷ್ಟೇ: ಮಾತಾಡದೆ ಇದ್ದರೆ ಅದು ನಾನು ಮಾಡಿದ್ದಾಗುವುದಿಲ್ಲ ಎನ್ನಿಸಿತು. ಫೋನ್ ಕೆಳಗಿಟ್ಟು ಮುಂದಿನ ಸಾಲು ಟೈಪು ಮಾಡಿದೆ.

ಆರಕ್ಕೆ ಬಂದಳು. ಚಪ್ಪಲಿ ಬಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತಳು.

"ನಲವತ್ತೂ ಮಾಡಿದೆ ಕಣೋ. ನಾಲ್ಕೂವರೆಗೇ ಮುಗೀತು."

"ಮತ್ತೆ?"

"ನಲವತ್ತೂ ಬಾಯಿ ಬಿಟ್ಟವು." ಕೈಯನ್ನು ಮೊಣಕಾಲಿನ ಮೇಲೆ ಮಗುಚಿಟ್ಟುಕೊಂಡಳು. "ಮೇಲ್ವಿಚಾರಕಿ ಒಳ್ಳೆಯವರು. ಹೆಬ್ಬೆರಳು ಪೂರ್ತಿ ಒತ್ತಿಲ್ಲ ಅನ್ಸತ್ತೆ ಅಂತ ನಾನೇ ಹೇಳಿದೆ. ಅವರು ಒಂದು ಲೋಟ ನೀರು ತಂದುಕೊಟ್ಟರು."

ಅವಳು ಮುಖ ತೊಳೆಯಲು ಹೋದಾಗ ಚೀಲದಿಂದ ಮೌಸ್ ತೆಗೆದು ಸ್ವಿಚ್ಚನ್ನು ಒಂದಕ್ಕೆ ಸರಿಸಿದೆ. ಕೈವಸ್ತ್ರದಲ್ಲಿ ಮೊದಲಿನ ಹಾಗೇ ಸುತ್ತಿಟ್ಟೆ.

ಮಾರ್ಚ್ ೧೮, ಮಂಗಳವಾರ

ಇವತ್ತು ಮನೆಯಲ್ಲಿ ಹತ್ತು ತುಂಡು ಮಾಡಿ ನೋಡಿದಳು. ಹತ್ತೂ ಕೂಡಿದವು.

"ನೋಡಿದ್ಯಾ. ಇಲ್ಲಿ ಬರತ್ತೆ, ಅಲ್ಲಿ ಬರಲ್ಲ. ಅಂದ್ರೆ ಬೆರಳಿಂದಲ್ಲ ತೊಂದರೆ, ತಲೇದು. ನಾನು ಹೆದರಿಕೊಂಡೆ. ಇಪ್ಪತ್ತಾರು ವರ್ಷ ಕೂತ ಕುರ್ಚೀಲಿ ಕೂತು ಹೆದರಿಕೊಂಡೆ ನೋಡು."

"ಹಾಗೇನೂ ಇರಲ್ಲ."

"ಮತ್ತೆ ಹೇಗೆ? ಹೇಳು ಪಂಡಿತ."

ಮೌಸ್ ಹಳೆಯದಾಗುತ್ತಿರಬಹುದು ಎಂದೆ. ಕೊಂಡು ಹದಿನೇಳು ದಿನವಾಗಿದೆ.

ಮಾರ್ಚ್ ೨೦, ಗುರುವಾರ

ಹೆಬ್ಬೆರಳಿಗೆ ಶಕ್ತಿ ಬರಲೆಂದು ರಬ್ಬರ್ ಚೆಂಡನ್ನು ಹಿಸುಕುತ್ತಾಳೆ, ಅಡುಗೆಮನೆಯಲ್ಲಿ, ಬಾಲ್ಕನಿಯಲ್ಲಿ, ಟೀವಿ ಮುಂದೆ. ಬೆರಳಿನ ಬುಡ ಊದಿಕೊಂಡಿದೆ. ಬಿಸಿನೀರಿನ ಶಾಖ ಕೊಟ್ಟುಕೊಂಡು ಮತ್ತೆ ಹಿಸುಕುತ್ತಾಳೆ. ಚೆನ್ನಾಗಿದ್ದ ಒಂದೇ ಬೆರಳು ಅದು.

ಜನವರಿಯ ಮಾತು. ಗೀಸರಿನ ಕೈಪಿಡಿಯ ಚಿತ್ರದಲ್ಲಿ ನೀರು ಒಳಹೋಗುವ ಬಾಣ ತಲೆಕೆಳಗಾಗಿದೆ ಎಂದು ತೋರಿಸಲು ಬಂದಿದ್ದಳು. ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು, "ಇಷ್ಟು ಕಣ್ಣಿಗೆ ಬೀಳಲ್ವೇನೋ ನಿನಗೆ". ನಡುಮನೆಯಲ್ಲಿ ಫೋನ್ ಹೊಡೆದುಕೊಂಡಿತು, ಅವಳು ಆ ಕಡೆ ತಿರುಗಿದಳು. ಮಾತು ಇನ್ನೂ ಮುಗಿದಿರಲಿಲ್ಲ. ಬಾಗಿಲು ಹಾಕಿದವನು ನಾನು.

ಬಾಣ ತಲೆಕೆಳಗಾಗಿಯೇ ಇತ್ತು. ಮಾರನೆಯ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತಿದ್ದಿ ಕಳಿಸಿದೆ.

ಮಾರ್ಚ್ ೨೧, ಶುಕ್ರವಾರ

ಏನೂ ಇಲ್ಲ.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಟೀ ಕುಡಿಯುವಾಗ ಒಂದು ಕಾಗದವನ್ನು ನನ್ನ ಕಡೆ ತಳ್ಳಿದಳು. ಎಡಗೈಯಲ್ಲಿ ಬರೆದ ದೊಡ್ಡ ದೊಡ್ಡ ಅಕ್ಷರ.

"ಸೋಮವಾರ ಕೊಡಬೇಕು. ಭಾಷೆ ಸರಿ ಇದೆಯಾ ನೋಡು."

ನಕಲು ಕೊಡುವ ಕಿಟಕಿಗೆ ಹೋಗಲು ಒಪ್ಪಿಗೆ ಪತ್ರ ಅದು. ನಾಲ್ಕೇ ಸಾಲು. ಮೂರನೆಯದು: "ನನ್ನ ಕೈ ಇನ್ನು ಈ ಕೆಲಸಕ್ಕೆ ಬರುವುದಿಲ್ಲವೆಂದು ನನಗೆ ಮನವರಿಕೆಯಾಗಿದೆ." ಪೆನ್ನು ತೆರೆದು ಕೂತೆ. ದಿನಕ್ಕೆ ಇಂಥ ನೂರು ಸಾಲು ತಿದ್ದುತ್ತೇನೆ.

"ಮೂರನೇ ವಾಕ್ಯ ತಪ್ಪು," ಎಂದೆ.

"ಹೌದಾ? ಕಾಗುಣಿತವಾ?"

"ಅಲ್ಲ. ಅದು ನಿಜ ಅಲ್ಲ."

ಮೌಸ್ ತಂದು ಮಗುಚಿ ತಳದ ಸ್ವಿಚ್ಚು ತೋರಿಸಿದೆ. ಭಾನುವಾರ ನನ್ನ ಕೆಲಸಕ್ಕೆ ಎರಡಕ್ಕೆ ಹಾಕಿಕೊಂಡೆ, ಸೋಮವಾರ ವಾಪಸ್ ಹಾಕದೆ ಕೊಟ್ಟೆ, ಎರಡರಲ್ಲಿ ನಡುವಿನ ಗುಂಡಿ ಎಂಟರ್ ಎಂದೆ. ಅವಳು ಕಂಪ್ಯೂಟರಿನ ಮುಂದೆ ಕೂತಳು. ಎರಡಕ್ಕೆ ಸರಿಸಿ ಒಂದು ತುಂಡು ಸುತ್ತಿದಳು, ವಿಸ್ತೀರ್ಣ ಸೊನ್ನೆ. ಒಂದಕ್ಕೆ ಸರಿಸಿ ಅದನ್ನೇ ಸುತ್ತಿದಳು, ಕೂಡಿತು. ಮತ್ತೆ ಎರಡು, ಮತ್ತೆ ಒಂದು.

"ನಲವತ್ತೂ ಎಂಟರ್ರಾ?" ನಗತೊಡಗಿದಳು. ಇಷ್ಟು ಜೋರಾಗಿ ಅವಳು ನಕ್ಕು ವರ್ಷಗಳಾಗಿವೆ. "ಹಾಗಾದ್ರೆ ನನ್ನ ಬೆರಳು ಒಂದು ಸಲಾನೂ ತಪ್ಪಲಿಲ್ಲ ಕಣೋ. ನಲವತ್ತಕ್ಕೆ ನಲವತ್ತು ಸಲ ಸರಿಯಾಗಿ ಒತ್ತಿದೆ. ಅಯ್ಯೋ ನಿನ್ನ ಮನೆ ಹಾಳಾಗ, ಐದು ದಿನದಿಂದ ಆ ಚೆಂಡು ಹಿಸುಕಿ ಹಿಸುಕಿ..." ಊದಿದ ಹೆಬ್ಬೆರಳನ್ನು ತಾನೇ ಸವರಿಕೊಂಡಳು. ನಾನು ಕಾದಿದ್ದ ಬೈಗುಳ ಇಷ್ಟು ಸಂತೋಷದಿಂದ ಬರುತ್ತದೆ ಎಂದುಕೊಂಡಿರಲಿಲ್ಲ. ಅಲ್ಲಿಗೇ ನಿಲ್ಲಬಹುದಿತ್ತು.

"ನಿನಗೆ ಯಾವಾಗ ಹೊಳೀತು ಇದು?"

"ಸೋಮವಾರ."

"ನಾನು ಬಂದು ಹೇಳಿದ ಮೇಲೆ?"

"ಹನ್ನೊಂದು ಗಂಟೆಗೆ."

ಪರದೆಯನ್ನೇ ನೋಡುತ್ತಿದ್ದಳು. "ಹನ್ನೊಂದಕ್ಕೆ ನಾನು ಒಂಬತ್ತನೇ ತುಂಡಲ್ಲಿದ್ದೆ."

ಪೆನ್ನಿಗೆ ಮುಚ್ಚಳ ಹಾಕಿದೆ.

"ಮಂಗಳವಾರ ಮನೇಲಿ ಮಾಡಿದಾಗ ಎಲ್ಲಾ ಕೂಡಿದ್ವಲ್ಲ. ವಾಪಸ್ ಒಂದಕ್ಕೆ ಹಾಕಿದ್ದು ಯಾರು?"

"ನಾನೇ. ನೀನು ಮುಖ ತೊಳೀತಿದ್ದಾಗ."

"ಹೆದರಿಕೊಂಡೆ ಅಂತ ನಾನು ಹೇಳಿದಾಗ ನೀನು ಇಲ್ಲೇ ಕೂತಿದ್ದೆ."

"ಹೂಂ."

ಅವಳು ಮುಂದಿನ ಪ್ರಶ್ನೆ ಕೇಳುವ ಮೊದಲೇ ಹೇಳಿಬಿಟ್ಟೆ. ಈಗ ಹೇಳದಿದ್ದರೆ ಇನ್ನೊಂದು ಮಂಗಳವಾರ ಬರುತ್ತದೆ ಎನ್ನಿಸಿತು. "ಬಾಗಿಲೂ ಅಷ್ಟೇ ಅಕ್ಕ."

"ಯಾವ ಬಾಗಿಲು?"

ನಿಜವಾಗಿಯೂ ಅವಳಿಗೆ ಗೊತ್ತಾಗಲಿಲ್ಲ. ಮುಖದಲ್ಲಿ ಬರಿಯ ಪ್ರಶ್ನೆ ಇತ್ತು.

"ಗಾಳಿ ಅಲ್ಲ. ನೀನು ಬಾಣದ ವಿಷಯ ಹೇಳ್ತಿದ್ದೆ. ಕೇಳೋಕೆ ಆಗಲಿಲ್ಲ, ಬಡಿದೆ. ನಿನ್ನ ಕೈ ಎಲ್ಲಿದೆ ಅಂತ ನೋಡಲಿಲ್ಲ."

ಲೆಕ್ಕ ತಪ್ಪಿದವರ ಹಾಗೆ ಮಾತಾಡಿದಳು. "ಏಳು ಕಿಟಕಿಗೆ ಕೊಂಡಿ ಹಾಕಿಸಿದ್ದೀನಲ್ಲೋ."

ಕಾಗದ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದೇ ಆಗದ ಹಾಗೆ ಹಾಕಿಕೊಂಡಳು.

ಮಾರ್ಚ್ ೨೪, ಸೋಮವಾರ

ಎರಡು ದಿನದಿಂದ ಬೇಕಾದಷ್ಟೇ ಮಾತು. ಹಾಲು ಮುಗಿದಿದೆ. ಬೀಗ ಹಾಕಿದೆಯಾ. ಬೆಳಗ್ಗೆ ಮಾತ್ರ ಒಂದು ಇಡೀ ವಾಕ್ಯ: "ಹತ್ತಕ್ಕೆ ಕಚೇರಿಗೆ ಬಾ, ಹೇಳಬೇಕಾದವನು ನೀನು."

ನಕ್ಷೆ ವಿಭಾಗ ಎರಡನೇ ಮಹಡಿ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಗೂಡುಗಳಲ್ಲಿ ಸುರುಳಿ ಸುತ್ತಿದ ನಕ್ಷೆಗಳು, ಪ್ರತಿ ಮೇಜಿನ ಮೇಲೂ ಎರಡು ಪರದೆ. ಮೇಲೆ ಹೋಗುವಾಗ ಆ ಕಿಟಕಿ ಕಾಣಿಸಿತು. ಸರಳಿನ ಹಿಂದೆ ಒಬ್ಬರು ರಬ್ಬರ್ ಬ್ಯಾಂಡುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು.

ಮೇಲ್ವಿಚಾರಕಿ ಅಕ್ಕನಿಗಿಂತ ಚಿಕ್ಕವರು. ಅಕ್ಕ ಅವರ ಮುಂದೆ ಸ್ವಿಚ್ಚು ಸರಿಸಿ ಸರಿಸಿ ತೋರಿಸಿದಳು. ಅವರು ಕನ್ನಡಕ ಮೇಲೆತ್ತಿಕೊಂಡು ನೋಡಿದರು.

"ನನಗೂ ಅವತ್ತೇ ವಿಚಿತ್ರ ಅನ್ನಿಸಿತ್ತು. ಕೈ ತಪ್ಪಿದ್ರೆ ಅಲ್ಲೊಂದು ಇಲ್ಲೊಂದು ತಪ್ಪತ್ತೆ. ನಲವತ್ತೂ ಒಂದೇ ಥರ ತಪ್ಪೋದು ಹೇಗೆ? ಆದ್ರೆ ನಿಮ್ಮಕ್ಕ ತಾನೇ ಸರಿಯಾಗಿ ಒತ್ತಿಲ್ಲ ಅಂದುಬಿಟ್ರು. ಅವರು ಅಂದಮೇಲೆ ನಾವೇನು ಹೇಳೋದು ಹೇಳಿ." ಫೈಲ್ ತೆರೆದರು. "ಇನ್ನೊಂದು ಸಲ ಕೊಡಬಹುದು. ಆದ್ರೆ ಕಾರಣ ಬರೀಬೇಕು. ಸ್ವಿಚ್ಚು ಹಾಕಿದ್ದು ಯಾರು?"

"ನಾನು."

"ನೀವು ಏನು ಕೆಲಸ ಮಾಡ್ತೀರಿ?"

"ಕೈಪಿಡಿ ಬರೀತೀನಿ. ಯಂತ್ರಗಳನ್ನ ಹೇಗೆ ಬಳಸಬೇಕು ಅಂತ."

ಅವರು ಮೌಸನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ. ನಗದೆ ಇರಲು ಕಷ್ಟಪಟ್ಟರು. "ಅಜಾಗರೂಕತೆ ಅಂತ ಹಾಕಲಾ?"

"ಬೆಳಗ್ಗೆ ಎಂಟಕ್ಕೆ ಅಜಾಗರೂಕತೆ. ಹನ್ನೊಂದಕ್ಕೆ ಗೊತ್ತಾಗಿತ್ತು. ಗೊತ್ತಿದ್ದೂ ಫೋನ್ ಮಾಡಲಿಲ್ಲ."

ಪೆನ್ನು ನಿಂತಿತು. ಪಕ್ಕದ ಮೇಜಿನವರ ಕ್ಲಿಕ್ ಕೂಡ ನಿಂತಿತು. ಅಕ್ಕ ನಕ್ಷೆಯ ಗೂಡುಗಳ ಕಡೆ ತಿರುಗಿಕೊಂಡಿದ್ದಳು.

"ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲ," ಎಂದರು ಮೇಲ್ವಿಚಾರಕಿ, ಮೆಲ್ಲಗೆ. "ಷರಾ ಅಂತ ಒಂದಿದೆ. ಅಲ್ಲಿ ಬೇಕಾದ್ರೆ ನೀವೇ ಬರೀರಿ."

ಬರೆದೆ. "ಬಹುದು" ಎಂಬ ಪದ ಎಲ್ಲೂ ಹಾಕಲಿಲ್ಲ. ಪರೀಕ್ಷೆ ಶುಕ್ರವಾರ. ಇದೇ ಕೊನೆಯದು.

ಮಾರ್ಚ್ ೨೬, ಬುಧವಾರ

ಗುಂಡಿಗಳನ್ನು ಅಕ್ಕ ತಾನೇ ಹೊಂದಿಸಿಕೊಂಡಳು. ಎರಡನೆಯದನ್ನು ಪೂರ್ತಿ ಖಾಲಿ ಮಾಡಿದಳು. ಕೂಡಿಸುವುದನ್ನು ಹಿಂದಿನ ಗುಂಡಿಗೆ ತಂದಳು; ಹೆಬ್ಬೆರಳು ಹಿಂದಕ್ಕೆ ಎಳೆದುಕೊಳ್ಳುವಾಗ ಅವಳಿಗೆ ನೋವಾಗುವುದಿಲ್ಲವಂತೆ, ಮೊದಲ ದಿನದಿಂದಲೂ. ಅದನ್ನು ನಾನು ಕೇಳಿರಲೇ ಇಲ್ಲ. ಹೆಬ್ಬೆರಳಿನ ಊತ ಇಳಿಯುತ್ತಿದೆ. ಸಂಜೆ ಹದಿನೈದು ತುಂಡು ಮಾಡಿದಳು. ಎರಡು ಕಡೆ ನಿಂತು ಕೈ ಕೊಡವಿಕೊಂಡಳು. ನಾನು ಬಾಲ್ಕನಿಯಲ್ಲಿದ್ದೆ.

ಮಾರ್ಚ್ ೨೮, ಶುಕ್ರವಾರ

ಬೆಳಗ್ಗೆ ಬ್ಯಾಟರಿ ಅವಳೇ ಹಾಕಿದಳು. ಮುಚ್ಚಳ ತೆಗೆಯಲು ಎಡಗೈ ಉಗುರು, ಹಲ್ಲು, ಕೊನೆಗೆ ಚಮಚ. ಐದು ನಿಮಿಷ ಹಿಡಿಯಿತು. ಕೊಡು ಎನ್ನಲು ಬಾಯಿ ತೆರೆದು ಸುಮ್ಮನಾದೆ. ತಳ ನೋಡಿದಳು, ಮತ್ತೊಮ್ಮೆ ನೋಡಿದಳು, ಹೋದಳು.

ಆರೂಕಾಲಿಗೆ ಬಂದಳು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ನೀರು ಕುಡಿದಳು. ನಾನು ತರಕಾರಿ ಹೆಚ್ಚುತ್ತಿದ್ದೆ.

"ಐದಕ್ಕೆ ಹತ್ತು ನಿಮಿಷ ಇರುವಾಗ ಮುಗೀತು. ನಲವತ್ತೂ ಕೂಡಿದವು. ಸೋಮವಾರದಿಂದ ಮೇಜಿಗೆ ಬನ್ನಿ ಅಂದ್ರು."

ಚಾಕು ಕೆಳಗಿಡದೆ ಹೆಚ್ಚುತ್ತಲೇ ಇದ್ದೆ. ನನ್ನ ಸಂತೋಷವನ್ನು ನೋಡಿಕೊಳ್ಳುವುದು ಅವಳ ಕೆಲಸವಲ್ಲ.

ಊಟಕ್ಕೆ ಕೂತಾಗ, ನನ್ನನ್ನು ನೋಡದೆ, ತಟ್ಟೆಗೆ ಹೇಳುವ ಹಾಗೆ, ಅವಳೇ ಶುರು ಮಾಡಿದಳು. ಮೂವತ್ತೊಂದನೆಯ ತುಂಡು ಕಷ್ಟವಿತ್ತಂತೆ. ಹನ್ನೊಂದು ಕಲ್ಲು, ಗಡಿ ಹಾವಿನ ಹಾಗೆ ಬಳುಕಿ ಒಂದು ಬಾವಿಯ ಹತ್ತಿರ ಬರುತ್ತದೆ. ಮಡಚದ ಬೆರಳಿನಿಂದ ಮೇಜಿನ ಮೇಲೆ ಬರೆದು ತೋರಿಸಿದಳು. ಒದ್ದೆ ಗೆರೆ ಸ್ವಲ್ಪ ಹೊತ್ತು ಇತ್ತು.

"ಬಾವಿ ಯಾರ ಕಡೆ ಬರತ್ತೆ?" ಎಂದು ಕೇಳಿದೆ.

"ಇಬ್ಬರ ಕಡೆನೂ. ಗೆರೆ ಬಾವಿ ಮಧ್ಯದಲ್ಲೇ ಹೋಗತ್ತೆ. ಅಲ್ಲಿ ಎಷ್ಟೋ ಜನ ಒಂದು ಪಕ್ಕಕ್ಕೆ ಎಳೆದುಬಿಡ್ತಾರೆ, ಸುಲಭ ಅಂತ."

"ನೀನು?"

"ನಾನ್ಯಾಕೆ ಎಳೀಲಿ? ಇದ್ದ ಹಾಗೇ ಬರೆದೆ."

ಆ ಜಮೀನಿನ ಇಬ್ಬರೂ ಯಾರಿರಬಹುದು, ಅಣ್ಣತಮ್ಮಂದಿರೋ ಏನೋ, ಒಬ್ಬನು ಸೇದುವಾಗ ಇನ್ನೊಬ್ಬನು ಎದುರು ದಡದಲ್ಲಿ ನಿಂತಿರುತ್ತಾನೋ ಎಂದೆಲ್ಲ ಕೇಳಿದೆ. ನಕ್ಷೆಯಲ್ಲಿ ಅದೆಲ್ಲ ಇರುವುದಿಲ್ಲ ಎಂದಳು. ಆಮೇಲೆ ಪಕ್ಕದ ತುಂಡಿನ ಬಗ್ಗೆ ಹೇಳಿದಳು, ಅದರಾಚೆಯದರ ಬಗ್ಗೆ. ನಲವತ್ತರಲ್ಲಿ ಹದಿನೇಳು ತುಂಡು ಈಗ ನನಗೆ ಗೊತ್ತು.

ತಟ್ಟೆ ಎತ್ತಿಕೊಂಡು ಎದ್ದೆ.

"ಕೆಲಸ ಉಳೀತು," ಎಂದಳು ಹಿಂದಿನಿಂದ. "ನಿನ್ನ ವಿಷಯ ಇನ್ನೂ ನೋಡ್ತಿದ್ದೀನಿ."

"ನೋಡು," ಎಂದೆ.

ಅವಳ ತಟ್ಟೆಯನ್ನೂ ತೊಳೆಯಲೇ ಎಂದು ಕೇಳಿದೆ. ಇನ್ನೂ ತಿನ್ನುತ್ತಿದ್ದೀನಿ, ಕೂತ್ಕೋ ಎಂದಳು. ಕೂತೆ.